ಹಿಂದಿನ ಕೋಣೆಯ ಹಕ್ಕು

ಕೊಳ್ಳಲೆಂದು ಮನೆ ನೋಡಲು ಎರಡನೇ ಸಲ ಹೋದ ದಿನ, ಮನೆ ಮಾರುತ್ತಿದ್ದ ಮೇಷ್ಟ್ರು ಹಿಂದಿನ ಕೋಣೆಯ ಬೀಗದ ಕೈಯನ್ನು ಹಲ್ಲಕ್ಕನ ಕೈಗೇ ಕೊಟ್ಟುಬಿಟ್ಟರು.

"ನೀವೇ ತೆಗೆದು ನೋಡಿ. ನನಗೆ ಧೂಳು ಆಗಲ್ಲ," ಎಂದರು.

ಧೂಳು ಉಳಿದ ಕೋಣೆಗಳಲ್ಲೂ ಇತ್ತು. ಅಲ್ಲೆಲ್ಲ ಅವರೇ ಮುಂದೆ ನಿಂತು ಕಿಟಕಿ ತೆರೆದು, ಗೋಡೆ ತಟ್ಟಿ, ಮರದ ತೊಲೆಗಳನ್ನು ಹೊಗಳಿ ತೋರಿಸಿದ್ದರು. ಈ ಕೋಣೆಯ ಸರದಿ ಬಂದಾಗ ಮಾತ್ರ ನಡುಮನೆಯಲ್ಲೇ ನಿಂತು ಬೆನ್ನು ತಿರುಗಿಸಿದರು.

ಹಲ್ಲಕ್ಕ ಎಂದರೆ ಹಲ್ಲು ಉಬ್ಬಿದವಳೇನಲ್ಲ. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದವಳು. ಡಾಕ್ಟರುಗಳು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಒಣಗಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವುದು ಅವಳ ಕೆಲಸ. ಲ್ಯಾಬಿನವರು ಇಟ್ಟ ಹೆಸರು ಮನೆಗೂ ಬಂದು, ಈಗ ಗಂಡನೂ ಹಾಗೇ ಕರೆಯುತ್ತಿದ್ದ. ಮುಖ ಕಾಣದ ಸಾವಿರಾರು ಜನರ ಬಾಯಿ ಅವಳಿಗೆ ಪರಿಚಯ. ಸವೆದ ಗುರುತು ನೋಡಿ ಇವರು ನಿದ್ದೆಯಲ್ಲಿ ಹಲ್ಲು ಕಡಿಯುತ್ತಾರೆ, ಇವರು ಒಂದೇ ಮಗ್ಗುಲಲ್ಲಿ ಅಗಿಯುತ್ತಾರೆ ಎಂದು ಹೇಳಿಬಿಡುತ್ತಿದ್ದಳು. ಎಲ್ಲಿ ಹೋದರೂ ಕಣ್ಣು ಮೊದಲು ಗುರುತುಗಳ ಕಡೆಗೇ ಹೋಗುತ್ತಿತ್ತು.

ಬೀಗ ತೆಗೆದು ಒಳಗೆ ಕಾಲಿಟ್ಟಳು. ಚಿಕ್ಕ ಕೋಣೆ. ಹಾಸಿಗೆಯಿಲ್ಲದ ಕಬ್ಬಿಣದ ಮಂಚ, ಹಿತ್ತಿಲ ಓಣಿಗೆ ತೆರೆಯುವ ಒಂದು ಕಿಟಕಿ, ಖಾಲಿ ಗೋಡೆಗೂಡು. ಅಷ್ಟೇ. ಆದರೂ ಹೊಸ್ತಿಲು ದಾಟಿದ ಗಳಿಗೆಯಲ್ಲಿ, ಮಂಚದ ಮೇಲೆ ಕೂತಿದ್ದವರು ಯಾರೋ ಎದ್ದು ಜಾಗ ಬಿಟ್ಟ ಹಾಗಾಯಿತು. ಪರರ ಮನೆಗೆ ಹೇಳದೆ ಕೇಳದೆ ನುಗ್ಗಿದಾಗ ಆಗುತ್ತದಲ್ಲ, ಅಂಥದೇ ಸಂಕೋಚ. ಅವಳಿಗೇ ಗೊತ್ತಿಲ್ಲದೆ "ಕ್ಷಮಿಸಿ" ಎಂಬ ಮಾತು ತುಟಿಯವರೆಗೆ ಬಂತು.

ಹೊರಡಲು ತಿರುಗಿದಾಗ ಬಾಗಿಲಿನ ಒಳಮೈ ಕಂಡಿತು. ಸೊಂಟದೆತ್ತರದಿಂದ ಕೆಳಕ್ಕೆ ಸಣ್ಣ ಸಣ್ಣ ಗೀರುಗಳು. ಮೇಲೆ ಎರಡು ಸಲ ಬಣ್ಣ ಹೊಡೆದಿದ್ದರೂ ಮುಚ್ಚಿರಲಿಲ್ಲ. ನಾಲ್ಕು ನಾಲ್ಕರ ಸಾಲಾಗಿ ಇಳಿದಿದ್ದ ಆ ಗೀರುಗಳ ಮೇಲೆ ತನ್ನ ಬೆರಳಿಟ್ಟು ನೋಡಿದಳು. ಬೆರಳುಗಳು ಸರಿಯಾಗಿ ಕೂತವು. ಥಟ್ಟನೆ ಕೈ ಹಿಂದಕ್ಕೆ ತೆಗೆದಳು. ಆ ಬಾಗಿಲಿಗೆ ಒಳಗಡೆ ಚಿಲಕವೇ ಇರಲಿಲ್ಲ.

"ಹೊರಗಡೆ ಮಾತ್ರ ಚಿಲಕ ಇದೆಯಲ್ಲ ಮೇಷ್ಟ್ರೇ?" ಎಂದು ನಡುಮನೆಗೆ ಬಂದು ಕೇಳಿದಳು.

"ಸಾಮಾನು ಹಾಕೋ ಕೋಣೆ ಅಲ್ವಾ ಅದು," ಎಂದರು ಮೇಷ್ಟ್ರು, ಕನ್ನಡಕ ಒರೆಸುತ್ತ.

"ಸಾಮಾನಿಗೆ ಮಂಚ ಹಾಕಿಕೊಟ್ಟಿದ್ದೀರಾ? ಪುಣ್ಯ ಮಾಡಿತ್ತು ಬಿಡಿ," ಎಂದು ಅವಳ ಗಂಡ ನಕ್ಕ. ಅವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವವನು. ಬಾಯಿ ಹರಟೆ, ಮನಸ್ಸು ಬೆಣ್ಣೆ. ಗಂಡ ಹೆಂಡತಿ ಇದ್ದ ಬಾಡಿಗೆ ಮನೆಯನ್ನು ಮಾಲೀಕರು ವಾಪಸ್ ಕೇಳಿದ್ದರಿಂದ ಅವನಿಗೆ ಅವಸರ. ಈ ಮನೆಯ ಗಾಳಿ, ಬೆಳಕು, ಬಾವಿ, ಎಲ್ಲಕ್ಕೂ ಅವನು ಮೊದಲ ದಿನವೇ ಮಾರುಹೋಗಿದ್ದ.

ಮೇಷ್ಟ್ರು ನಗಲಿಲ್ಲ.

*

ವಕೀಲಮ್ಮನ ಆಫೀಸು ಔಷಧಿ ಅಂಗಡಿಯೊಂದರ ಮೇಲಿತ್ತು. ಅರುವತ್ತು ದಾಟಿದ ಹೆಂಗಸು, ಗಟ್ಟಿ ದನಿ, ಮೃದು ಕಣ್ಣು. ಯಾವ ಪತ್ರವನ್ನೇ ಕೊಡಲಿ, ಕೊನೆಯ ಪುಟದಿಂದ ಹಿಂದಕ್ಕೆ ಓದುವುದು ಅವರ ಅಭ್ಯಾಸ.

"ಜನ ಸುಳ್ಳನ್ನ ಕೊನೇಲಿ ಬಚ್ಚಿಡ್ತಾರೆ ಅಂತಲ್ಲಮ್ಮ. ಕೊನೇ ಪುಟ ತಲುಪೋ ಹೊತ್ತಿಗೆ ಓದೋರಿಗೆ ಸುಸ್ತಾಗಿರತ್ತೆ. ಅದಕ್ಕೇ ನಾನು ಅಲ್ಲಿಂದ ಶುರು ಮಾಡ್ತೀನಿ," ಎಂದು ಒಂದು ಸಲ ಹೇಳಿದ್ದರು.

ಕರಾರಿನ ದಿನ ಹತ್ತಿರ ಬಂದಿತ್ತು. ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಕೀಲಮ್ಮ ಕಾಗದಗಳನ್ನು ಮೇಜಿನ ಮೇಲೆ ಹರಡಿದರು.

"ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿದೀನಿ. ಅಡಮಾನ ಇಲ್ಲ, ಕೋರ್ಟ್ ಕೇಸ್ ಇಲ್ಲ, ಬೇರೆ ಯಾರಿಗೂ ಮಾರಿಲ್ಲ."

"ಹಾಗಾದ್ರೆ ಮುಗೀತಲ್ಲ ಮೇಡಂ. ಸಹಿ ಹಾಕಿ ಕೈ ತೊಳ್ಕೊಳ್ಳೋಣ," ಎಂದ ಗಂಡ.

"ಆ ಪತ್ರದ ಕಣ್ಣು ಮೂವತ್ತು ವರ್ಷಕ್ಕಿಂತ ಹಿಂದಕ್ಕೆ ಕಾಣಲ್ಲಪ್ಪ. ಮನೆಗೆ ತೊಂಬತ್ತು ವರ್ಷ. ಮೇಷ್ಟ್ರಿಗೆ ಮನೆ ಬಂದದ್ದು ಅವರ ಅಪ್ಪನಿಂದ. ಅಪ್ಪನಿಗೆ ಎಲ್ಲಿಂದ ಬಂತು? ತಾತನ ಉಯಿಲಿನಿಂದ. ಮಾರೋರಿಗೆ ಹಕ್ಕು ಹೇಗೆ ಬಂತು ಅಂತ ಮೂಲದವರೆಗೂ ಹೋಗಿ ನೋಡ್ಬೇಕು. ಅವರ ಹತ್ರ ಎಷ್ಟು ಹಕ್ಕಿದೆಯೋ ಅಷ್ಟನ್ನೇ ತಾನೇ ಅವರು ಮಾರೋಕಾಗೋದು?" ಎಂದು ವಕೀಲಮ್ಮ ಹಳದಿಗಟ್ಟಿದ ನಾಲ್ಕು ಹಾಳೆಗಳನ್ನು ಹಲ್ಲಕ್ಕನ ಕಡೆ ಸರಿಸಿದರು. "ಇದೇ ಆ ಉಯಿಲು. ಮೂರನೇ ಪುಟದ ಕೆಳಗಡೆ ಓದಿ. ಗಟ್ಟಿಯಾಗಿ ಓದಿ."

ಒತ್ತೊತ್ತಾದ ಕೈಬರಹ. ಹಲ್ಲಕ್ಕ ತಡವರಿಸುತ್ತ ಓದಿದಳು: "ನನ್ನ ಕಿರಿಯ ಮಗಳು ತಾನು ಬದುಕಿರುವವರೆಗೆ ಸದರಿ ಮನೆಯ ಹಿಂದಿನ ಕೋಣೆಯಲ್ಲಿ ವಾಸವಾಗಿರತಕ್ಕದ್ದು. ಈ ಹಕ್ಕಿಗೆ ನನ್ನ ಮಗನಾಗಲಿ, ಅವನ ವಾರಸುದಾರರಾಗಲಿ, ಅವರಿಂದ ಮನೆಯನ್ನು ಕೊಂಡವರಾಗಲಿ ಚ್ಯುತಿ ತರಕೂಡದು."

"ಕೊಂಡವರು ಅಂದ್ರೆ?" ಎಂದ ಗಂಡ.

"ನೀವು."

ಉಯಿಲು ಬರೆದು ಐವತ್ಮೂರು ವರ್ಷವಾಗಿತ್ತು. ಹಲ್ಲಕ್ಕ ಹುಟ್ಟುವುದಕ್ಕೆ ಮೊದಲೇ ಮುದುಕನೊಬ್ಬ ಲೇಖನಿ ಹಿಡಿದು ಕೂತು ಅವಳಿಗೊಂದು ಮಾತು ಬರೆದಿಟ್ಟು ಹೋಗಿದ್ದ. ಮಗಳನ್ನು ಹೊರಗೆ ಹಾಕಬೇಡ ಎಂದು.

"ಆ ಮಗಳು ಎಲ್ಲಿದ್ದಾಳೆ?" ಎಂದು ಕೇಳಿದಳು.

"ಅದನ್ನ ಮೇಷ್ಟ್ರು ಹೇಳ್ಬೇಕು," ಎಂದರು ವಕೀಲಮ್ಮ.

*

ಮರುದಿನವೇ ಮೇಷ್ಟ್ರನ್ನು ಕರೆಸಿದರು. ಅವರು ಶಾಲೆಯಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು. ಇಸ್ತ್ರಿ ಕೆಡದ ಅಂಗಿ, ಅಳೆದು ಆಡುವ ಮಾತು. ಉಯಿಲಿನ ಆ ಸಾಲನ್ನು ಓದುತ್ತಿದ್ದಂತೆ ಅವರ ಮುಖ ಸುಣ್ಣದ ಹಾಗಾಯಿತು.

"ಇದನ್ನ ನಾನು ಓದೇ ಇಲ್ಲ. ಅಪ್ಪ ಕಟ್ಟಿಟ್ಟ ಕಾಗದದ ಗಂಟು, ಹಾಗೇ ತಂದುಕೊಟ್ಟೆ," ಎಂದರು. "ಅತ್ತೆ ತೀರಿಕೊಂಡು ಐವತ್ತೆರಡು ವರ್ಷ ಆಯ್ತು. ಅಪ್ಪನ ತಂಗಿ. ನನಗಾಗ ಒಂಬತ್ತು ವರ್ಷ."

"ಎಲ್ಲಿ ತೀರಿಕೊಂಡ್ರು?"

"ಬೇರೆ ಊರಿನ ಆಸ್ಪತ್ರೆಲಿ. ತಾತ ಹೋದ ಮೇಲೆ ಅತ್ತೆ ಮಾತೇ ಬಿಟ್ಟುಬಿಟ್ರು. ಊಟ ಇಲ್ಲ, ನಿದ್ದೆ ಇಲ್ಲ. ತಲೆ ಕೆಟ್ಟಿದೆ ಅಂದ್ರು ಮನೇಲಿ. ಆ ಕೋಣೆಲಿ ಇಟ್ಟು..." ಮೇಷ್ಟ್ರು ನೀರು ಕೇಳಿ ಕುಡಿದರು. "ಇಟ್ಟು ಚಿಲಕ ಹಾಕ್ತಿದ್ರು. ನಾಲ್ಕು ತಿಂಗಳು. ಆಮೇಲೆ ಒಂದಿನ ಅಪ್ಪ ಹುಚ್ಚಾಸ್ಪತ್ರೆಗೆ ಅಂತ ಕರ್ಕೊಂಡು ಹೋದ್ರು. ವಾಪಸ್ ಒಬ್ಬರೇ ಬಂದ್ರು. ಕೈಯಲ್ಲಿ ಅತ್ತೆಯ ಚಪ್ಪಲಿ ಇತ್ತು. ಜ್ವರ ಬಂದು ಹೋಗಿಬಿಟ್ಲು, ಅಲ್ಲೇ ಮಣ್ಣು ಮಾಡಿ ಬಂದೆ ಅಂದ್ರು."

ಕೆಳಗೆ ಅಂಗಡಿಯಲ್ಲಿ ಯಾರೋ ಕೆಮ್ಮಿನ ಔಷಧಿ ಕೇಳುತ್ತಿದ್ದುದು ಕೇಳಿಸಿತು.

"ಒಂದು ಹೇಳ್ತೀನಿ, ನಗಬೇಡಿ," ಎಂದರು ಮೇಷ್ಟ್ರು. "ಅತ್ತೆ ಆ ಬಾಗಿಲು ಕೆರೀತಿದ್ರು. ಆ ಸದ್ದು ಅವರು ಹೋದ ಮೇಲೂ ನಿಲ್ಲಲಿಲ್ಲ. ನಾನು ಕೇಳಿದೀನಿ. ಓದ್ತಾ ಕೂತಾಗ, ಮಟಮಟ ಮಧ್ಯಾಹ್ನ. ಕೆಲಸ ಸಿಕ್ಕ ತಕ್ಷಣ ಆ ಮನೆ ಬಿಟ್ಟೆ. ಬಾಡಿಗೆಗೆ ಬಂದೋರೂ ನಿಲ್ಲಲಿಲ್ಲ. ಏನು ಅಂತ ಕೇಳೋ ಧೈರ್ಯ ನನಗಿರಲಿಲ್ಲ. ನನಗೆ ಗೊತ್ತಿತ್ತಲ್ಲ."



"ಮರಣ ಪ್ರಮಾಣಪತ್ರ ಇದೆಯಾ?" ಎಂದರು ವಕೀಲಮ್ಮ.

"ಇಲ್ಲ. ಬೇಕಾದ್ರೆ ಅಫಿಡವಿಟ್ ಮಾಡಿಕೊಡ್ತೀನಿ."

"ಮೇಷ್ಟ್ರೇ, ನಿಮ್ಮ ಅಫಿಡವಿಟ್ಟಿಂದ ಯಾರೂ ಸಾಯಲ್ಲ. ಬದುಕಿರೋವರೆಗೂ ಅಂತ ತಾತ ಬರೆದಿಟ್ಟಿದ್ದಾರೆ. ಅವರು ಬದುಕಿದ್ರೆ ಈ ಹಕ್ಕು ಬದುಕಿದೆ. ಇಲ್ಲ ಅಂದ್ರೆ ಅದಕ್ಕೊಂದು ದಾಖಲೆ ಬೇಕು. ಅಥವಾ ಅವರೇ ಬಿಟ್ಟುಕೊಟ್ಟೆ ಅಂತ ಬರೆದುಕೊಟ್ಟಿರಬೇಕು. ಈ ಮೂರರಲ್ಲಿ ಯಾವುದು ಅಂತ ಗೊತ್ತಾಗೋವರೆಗೂ ನಾನು ಇವರಿಗೆ ಸಹಿ ಹಾಕಿ ಅನ್ನಲ್ಲ." ಆಮೇಲೆ ದನಿ ತಗ್ಗಿಸಿ, "ಆಸ್ಪತ್ರೆ ಹೆಸರು ನೆನಪಿದ್ರೆ ಹೇಳಿ," ಎಂದರು.

ಮೇಷ್ಟ್ರಿಗೆ ನೆನಪಿತ್ತು. ಒಂಬತ್ತು ವರ್ಷದ ಹುಡುಗನಿಗೆ ಹೆದರಿಸುವ ಹೆಸರು ಯಾವತ್ತೂ ಮರೆಯುವುದಿಲ್ಲ.

ಅವರು ಹೋದ ಮೇಲೆ ವಕೀಲಮ್ಮ ಉಯಿಲನ್ನು ಮತ್ತೆ ಕೈಗೆತ್ತಿಕೊಂಡರು. "ಬದುಕಿರುವವರೆಗೆ ಅಂತ ಬರೆದ್ರೆ, ಅದರಿಂದ ಪಾರಾಗೋಕೆ ಸಾಯಿಸೋದೊಂದೇ ದಾರಿ," ಎಂದರು. "ಮಾತಲ್ಲಾದ್ರೂ."

*

ಆಸ್ಪತ್ರೆಗೆ ಪತ್ರ ಹೋಯಿತು. ಉತ್ತರ ಬರುವವರೆಗೆ ಕರಾರಿನ ಗಡುವು ಮುಂದಕ್ಕೆ ಹಾಕಿಸಿದರು. ಹಿಂದಿನ ಕೋಣೆಯ ಬೀಗದ ಕೈ ಹಲ್ಲಕ್ಕನ ಬಳಿಯೇ ಉಳಿಯಿತು, ಜೊತೆಗೆ ಮುಂಬಾಗಿಲಿನದೂ ಒಂದು ಸೇರಿತು. "ಅಳತೆ ತಗೋಬೇಕಾದ್ರೆ ಹೋಗಿ ಬನ್ನಿ," ಎಂದಿದ್ದರು ಮೇಷ್ಟ್ರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೇ ಮನಸ್ಸಿರಲಿಲ್ಲವೆಂದು ಕಾಣುತ್ತದೆ.

ಲ್ಯಾಬಿನಲ್ಲಿ ಹಲ್ಲಕ್ಕನ ಕೈ ಕೆಲಸ ಮಾಡುತ್ತಿತ್ತು, ಕಿವಿ ಎಲ್ಲೋ ಇರುತ್ತಿತ್ತು. ಒಣಗಿದ ಪ್ಲಾಸ್ಟರನ್ನು ಚಾಕುವಿನಿಂದ ಹೆರೆಯುವಾಗಿನ ಕರಕರ ಸದ್ದು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಕೇಳಿಸತೊಡಗಿತು. ಕೈ ನಿಲ್ಲಿಸಿದರೂ ಸದ್ದು ಒಂದು ಕ್ಷಣ ಉಳಿಯುತ್ತದೆ ಎನ್ನಿಸುತ್ತಿತ್ತು. ನಿಲ್ಲಿಸಿ, ಕೇಳಿಸಿಕೊಂಡು, ಮತ್ತೆ ಹೆರೆಯುವುದು. ಪಕ್ಕದ ಮೇಜಿನವಳು, "ಏನಕ್ಕಾ, ಅಚ್ಚು ನಿಮ್ಮ ಜೊತೆ ಮಾತಾಡ್ತಿದೆಯಾ?" ಎಂದು ತಮಾಷೆ ಮಾಡಿದಳು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಒಬ್ಬಳೇ ಆ ಮನೆಗೆ ಹೋದಳು. ಯಾಕೆ ಎಂದು ಕೇಳಿದ್ದರೆ ಅಳತೆಯ ಟೇಪು ತೋರಿಸುತ್ತಿದ್ದಳೇನೋ. ಬೀದಿಯಲ್ಲಿ ಬಿಸಿಲು, ಎದುರು ಮನೆಯಲ್ಲಿ ರೇಡಿಯೋ. ನೇರವಾಗಿ ಹಿಂದಿನ ಕೋಣೆಗೆ ನಡೆದು ಮಂಚದ ತುದಿಯಲ್ಲಿ ಕೂತಳು. ಕೂರುವಾಗ ಒಂದು ಪಕ್ಕಕ್ಕೆ ಸರಿದು ಕೂತದ್ದು ಆಮೇಲೆ ಗಮನಕ್ಕೆ ಬಂತು.

"ನೀವು ಇದ್ದೀರೋ ಇಲ್ವೋ, ಅದಷ್ಟು ಹೇಳಿಬಿಡಿ," ಎಂದಳು. ತನ್ನ ದನಿ ಕೇಳಿ ತನಗೇ ನಾಚಿಕೆಯಾಯಿತು. "ನಮಗೂ ಒಂದು ಮನೆ ಬೇಕು. ಆದ್ರೆ ನಿಮ್ಮ ಮೇಲೆ ಕಾಲಿಟ್ಟು ಬರೋಕೆ ಮನಸ್ಸಿಲ್ಲ."

ರೇಡಿಯೋ ನಿಂತಿತು. ಬಾಗಿಲು ತಾನಾಗಿ ನಾಲ್ಕು ಬೆರಳಿನಷ್ಟು ಮುಚ್ಚಿಕೊಂಡಿತು. ಗಾಳಿ ಇರಬೇಕು. ಇನ್ನಷ್ಟು ಮುಚ್ಚಿತು. ಒಳಗಡೆ ಚಿಲಕವಿಲ್ಲ, ಹಿಡಿಯಿಲ್ಲ, ಆ ಬಾಗಿಲು ಪೂರ್ತಿ ಹಾಕಿಕೊಂಡರೆ ಒಳಗಿನಿಂದ ಎಳೆಯಲು ಏನೂ ಇಲ್ಲವೆಂಬುದು ಆಗ ಅವಳಿಗೆ ಹೊಳೆಯಿತು. ಹಾರಿ ಹೋಗಿ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡಳು. ಹಿಡಿದುಕೊಂಡ ಉಗುರಿನ ಸಂದಿಯಲ್ಲಿ ಬಣ್ಣದ ಚಕ್ಕೆ ಸಿಕ್ಕಿತ್ತು. ಬೀಗ ಹಾಕಿದ್ದೂ ನೆನಪಿಲ್ಲ, ಬೀದಿಯಲ್ಲಿ ನಿಂತು ಮೂಗು, ಬಾಯಿ ಎರಡರಲ್ಲೂ ಉಸಿರೆಳೆದುಕೊಂಡಳು. ನಾಲ್ಕು ತಿಂಗಳು, ಎಂದುಕೊಂಡಳು. ನನಗೆ ನಾಲ್ಕು ಗಳಿಗೆ ಆಗಲಿಲ್ಲ.

ಸಂಜೆ ಗಂಡನಿಗೆ ಹೇಳಿದಾಗ ಅವನು, "ಬೇಡ ಅಂದ್ರೆ ಬೇಡ ಕಣೇ. ಬೇರೆ ಮನೆ ನೋಡೋಣ," ಎಂದ. ಅವನ ದನಿಯಲ್ಲಿ ಆಸೆ ಬಿಟ್ಟುಕೊಟ್ಟ ನೋವಿತ್ತು.

"ಮನೆ ಬೇಕೋ ಬೇಡವೋ ಆಮೇಲೆ. ಮೊದಲು ಆ ಹೆಂಗಸು ಏನಾದಳು ಅಂತ ಗೊತ್ತಾಗ್ಲಿ," ಎಂದಳು ಹಲ್ಲಕ್ಕ.

*

ಹದಿನೆಂಟನೇ ದಿನ ವಕೀಲಮ್ಮ ಲ್ಯಾಬಿಗೇ ಫೋನ್ ಮಾಡಿದರು.

"ಕೂತಿದ್ದೀರಾ?"

"ಹೇಳಿ ಮೇಡಂ."

"ಅವರು ಬದುಕಿದ್ದಾರೆ. ಎಂಬತ್ಮೂರು ವರ್ಷ. ಅದೇ ಆಸ್ಪತ್ರೆಯ ಆಶ್ರಮದಲ್ಲಿದ್ದಾರೆ."

ಮೇಷ್ಟ್ರಿಗೆ ಸುದ್ದಿ ಹೇಳಲು ವಕೀಲಮ್ಮ ಹಲ್ಲಕ್ಕನನ್ನೂ ಕರೆದುಕೊಂಡು ಹೋದರು. ಮೂರನೇ ಮಹಡಿಯ ಫ್ಲಾಟಿನ ಬಾಗಿಲಲ್ಲೇ ನಿಂತು ಹೇಳಬೇಕಾಯಿತು, ಏಕೆಂದರೆ ಇವರ ಮುಖ ನೋಡಿದವರೇ ಮೇಷ್ಟ್ರು ಒಳಗೆ ಕರೆಯುವುದನ್ನು ಮರೆತರು. ಕೇಳಿದವರೇ ಬಾಗಿಲಿನ ಚೌಕಟ್ಟಿಗೆ ಒರಗಿ, ಹಾಗೇ ಜಾರಿ ಹೊಸ್ತಿಲ ಮೇಲೆ ಕೂತುಬಿಟ್ಟರು.

"ನಾನು ಅವರ ದೆವ್ವಕ್ಕೆ ಹೆದರಿಕೊಂಡು ಮನೆ ಬಿಟ್ಟೆ," ಎಂದರು. "ಐವತ್ತೆರಡು ವರ್ಷ. ಅವರು ಅಲ್ಲಿ ಊಟ ಮಾಡ್ತಾ, ಬಟ್ಟೆ ಒಗೀತಾ ಇದ್ರು. ಹಾಗಾದ್ರೆ ನಾನು ಕೇಳಿದ್ದು ಏನು?"



*

ಆಶ್ರಮವೆಂದರೆ ಆಸ್ಪತ್ರೆಯ ಹಿಂದೆ ಉದ್ದನೆಯ ಒಂದು ಕಟ್ಟಡ, ಮುಂದೆ ಬಟ್ಟೆ ಒಣಹಾಕುವ ತಂತಿಗಳ ಸಾಲು. ಮೇಷ್ಟ್ರು ಕಾರಿನಿಂದ ಇಳಿಯಲಿಲ್ಲ. "ನೀವು ಮೊದಲು ಹೋಗಿ. ನಾನು ಬರ್ತೀನಿ," ಎಂದರು. ಅಲ್ಲಿಯ ಮೇಲ್ವಿಚಾರಕಿ ಒಂದು ದಪ್ಪ ಫೈಲು ತಂದು ತೋರಿಸಿದಳು. ಅದರಲ್ಲಿ ಹನ್ನೊಂದು ಪತ್ರಗಳ ನಕಲು ಇದ್ದವು. ಎಲ್ಲವೂ ಆ ಮನೆಯ ವಿಳಾಸಕ್ಕೆ. ನಿಮ್ಮ ತಂಗಿ ಗುಣವಾಗಿದ್ದಾರೆ, ಬಂದು ಕರೆದುಕೊಂಡು ಹೋಗಿ. ಮೊದಲನೆಯದು, ಅವರನ್ನು ಸೇರಿಸಿದ ಆರನೇ ತಿಂಗಳಿನದು. ಯಾವುದಕ್ಕೂ ಉತ್ತರ ಬಂದಿರಲಿಲ್ಲ.

ಮುದುಕಿ ಜಗಲಿಯಲ್ಲಿ ಕೂತು ದುಪ್ಪಟಿ ಮಡಿಸುತ್ತಿದ್ದರು. ಹಿಡಿಯಷ್ಟು ದೇಹ, ಗಿಡ್ಡಗೆ ಕತ್ತರಿಸಿದ ಬೆಳ್ಳನೆಯ ಕೂದಲು, ಬಾಯಲ್ಲಿ ಒಂದೂ ಹಲ್ಲಿಲ್ಲ. ಕೈ ಮಾತ್ರ ಚುರುಕು. ಮೂಲೆಗೆ ಮೂಲೆ ಕೂಡಿಸಿ, ತಟ್ಟಿ, ಪಕ್ಕಕ್ಕೆ. ಹಲ್ಲಕ್ಕನ ಕಣ್ಣು ತಡೆಯಲಾರದೆ ಉಗುರುಗಳ ಮೇಲೆ ಹೋಯಿತು. ಎರಡು ಉಗುರು ಸೊಟ್ಟಗೆ ಬೆಳೆದಿದ್ದವು.

"ನಮ್ಮನೆಯಿಂದ ಬಂದ್ರಾ?" ಎಂದರು ಮುದುಕಿ, ತಲೆಯೆತ್ತದೆ. ಐವತ್ತೆರಡು ವರ್ಷದಿಂದ ಬಂದ ಬಂದವರನ್ನೆಲ್ಲ ಕೇಳಿ ಕೇಳಿ ನಯವಾಗಿ ಸವೆದ ಪ್ರಶ್ನೆ.

"ನಾವು ಆ ಮನೇನ ಕೊಳ್ಳಬೇಕು ಅಂತಿರೋರು, ಅಮ್ಮಾ," ಎಂದಳು ಹಲ್ಲಕ್ಕ. ಮುದುಕಿಯ ಕೈ ನಿಂತಿತು.

ವಕೀಲಮ್ಮ ಎದುರಿಗೆ ನೆಲದ ಮೇಲೇ ಕೂತರು. "ಅಮ್ಮಾ, ನಾನು ಇವರ ಕಡೆ ವಕೀಲೆ, ನಿಮ್ಮ ಕಡೆಯವಳಲ್ಲ. ನಿಮ್ಮ ಪರವಾಗಿ ಬೇರೆ ವಕೀಲರನ್ನ ಇಟ್ಟುಕೊಟ್ಟೇ ಮುಂದಿನ ಮಾತು. ಇವತ್ತು ಒಂದೇ ಒಂದು ವಿಷಯ ತಿಳಿಸೋಕೆ ಬಂದಿದೀನಿ. ನಿಮ್ಮಪ್ಪ ನಿಮಗೋಸ್ಕರ ಒಂದು ಮಾತು ಬರೆದಿಟ್ಟಿದ್ದಾರೆ. ನಿಮಗೆ ಯಾರಾದ್ರೂ ಹೇಳಿದ್ರಾ?"

"ಅಪ್ಪ ನನಗೆ ಏನೂ ಇಟ್ಟಿಲ್ಲ. ನನ್ನನ್ನ ಹೊರಗೆ ಹಾಕು ಅಂತ ಹೇಳಿಯೇ ಸತ್ತ ಅಂದ ಅಣ್ಣ."

ವಕೀಲಮ್ಮ ಆ ಸಾಲನ್ನು ಓದಿದರು. ಮುದುಕಿ ಕಿವಿಯನ್ನು ಮುಂದಕ್ಕೆ ತಂದು, "ಇನ್ನೊಂದು ಸಲ," ಎಂದರು. ಓದಿದರು. "ಇನ್ನೊಂದು ಸಲ." ಮೂರನೇ ಸಲ ಓದುವಾಗ ಮುದುಕಿಯ ತುಟಿಗಳು ಜೊತೆಗೇ ಅಲುಗಿದವು. ಬದುಕಿರುವವರೆಗೆ. ಅತ್ತುಬಿಡುತ್ತಾರೆಂದು ಹಲ್ಲಕ್ಕ ಅಂದುಕೊಂಡಳು. ಮುದುಕಿ ಅಳಲಿಲ್ಲ. ಮಡಿಸಿದ್ದ ದುಪ್ಪಟಿಯನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಮಡಿಸಿದರು.

"ಅಪ್ಪನ ಮೇಲೆ ಸಿಟ್ಟು ಮಾಡ್ಕೊಂಡೇ ಮುದುಕಿಯಾದೆನಲ್ಲ," ಎಂದರು.

ಆಗಲೇ ಮೇಷ್ಟ್ರು ಜಗಲಿಯ ಮೆಟ್ಟಿಲು ಹತ್ತಿ ಬಂದದ್ದು. ಬಿಸಿಲಿಗೆ ಬೆನ್ನು ಹಾಕಿ ನಿಂತಿದ್ದರು. ಅಗಲವಾದ ಹೆಗಲು, ಹಿಂದಕ್ಕೆ ಬಾಚಿದ ನರೆಗೂದಲು. ಮುದುಕಿ ತಲೆಯೆತ್ತಿ ನೋಡಿದವರೇ ಕೂತಲ್ಲಿಂದಲೇ ಹಿಂದಕ್ಕೆ ಸರಿದರು. ಬೆನ್ನು ಗೋಡೆಗೆ ತಗುಲುವವರೆಗೂ ಸರಿದರು. ಎರಡೂ ಕೈಯನ್ನು ಮುಖದ ಮುಂದೆ ಹಿಡಿದು, ಸಣ್ಣ ಹುಡುಗಿಯ ದನಿಯಲ್ಲಿ ಹೇಳಿದರು:

"ಅಣ್ಣಾ, ಬಾಗಿಲು ಹಾಕ್ಬೇಡ. ಸುಮ್ಮನಿರ್ತೀನಿ. ಅಣ್ಣಾ, ಬಾಗಿಲು ಹಾಕ್ಬೇಡ."

ಮೇಷ್ಟ್ರು ಅಪ್ಪನ ಪಡಿಯಚ್ಚು ಎಂದು ಯಾರಿಗೂ ಹೊಳೆದಿರಲಿಲ್ಲ, ಅವರಿಗೂ ಕೂಡ. ಒಂದು ಕ್ಷಣ ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ, ಅರುವತ್ತೊಂದರ ಆ ಗಂಭೀರ ಮನುಷ್ಯ, ಜಗಲಿಯ ನೆಲದ ಮೇಲೆ ಮಂಡಿಯೂರಿ ಕೂತು ತಲೆ ತಗ್ಗಿಸಿದರು.

"ಅಪ್ಪ ಅಲ್ಲ ಅತ್ತೆ. ನಾನು. ಪುಟ್ಟ."

"ಪುಟ್ಟ?"

"ನೀವು ಗೋಲಿ ಆಡೋಕೆ ಹೇಳಿಕೊಟ್ಟಿದ್ರಲ್ಲ. ಆ ಪುಟ್ಟ."

ಮುದುಕಿ ಕೈ ಇಳಿಸಲು ತುಂಬಾ ಹೊತ್ತು ಹಿಡಿಯಿತು. "ನೀನು ಬಾಗಿಲ ಹೊರಗೆ ನಿಂತಿರ್ತಿದ್ದೆ," ಎಂದರು. "ನಿನ್ನ ಉಸಿರು ಕೇಳಿಸ್ತಿತ್ತು."

"ಹೌದು ಅತ್ತೆ. ನಿಂತಿರ್ತಿದ್ದೆ. ಚಿಲಕ ನನಗೆ ಎಟುಕ್ತಿತ್ತು." ಮೇಷ್ಟ್ರು ತಲೆ ಎತ್ತಲಿಲ್ಲ. "ಎಟುಕ್ತಿತ್ತು ಅತ್ತೆ. ಆದ್ರೂ ತೆಗೀಲಿಲ್ಲ."

ವಕೀಲಮ್ಮ ಹಲ್ಲಕ್ಕನ ತೋಳು ಹಿಡಿದು ಎಬ್ಬಿಸಿ ಬಟ್ಟೆ ತಂತಿಗಳ ಕಡೆಗೆ ಕರೆದುಕೊಂಡು ಹೋದರು. ಇಬ್ಬರೂ ಒದ್ದೆ ದುಪ್ಪಟಿಗಳ ನಡುವೆ ನಿಂತರು.

*

ಮುದುಕಿಗೆ ಬೇರೆ ವಕೀಲರು ಸಿಕ್ಕರು, ಸಣ್ಣ ವಯಸ್ಸಿನ ತಾಳ್ಮೆಯ ಮನುಷ್ಯ. ದಾರಿ ಮೂರಿವೆ ಎಂದು ಅವರು ಬಿಡಿಸಿ ಹೇಳಿದರು. ಆ ಕೋಣೆಗೆ ಹೋಗಿ ವಾಸ ಮಾಡಬಹುದು, ಯಾರೂ ತಡೆಯುವಂತಿಲ್ಲ. ಹಕ್ಕನ್ನು ಹಾಗೇ ಉಳಿಸಿಕೊಂಡು ಇಲ್ಲೇ ಇರಬಹುದು. ಬೇಡವೆಂದರೆ ಬಿಡುಗಡೆ ಪತ್ರ ಬರೆದುಕೊಡಬಹುದು, ಅದಕ್ಕೆ ತಕ್ಕ ಪಾಲು ಮಾರಾಟದಲ್ಲಿ ಅವರ ಹೆಸರಿಗೇ ಬರುತ್ತದೆ. ಮುದುಕಿ ಯೋಚಿಸಲು ಸಮಯ ಕೇಳಿದರು. ಒಂಬತ್ತು ದಿನ. ಅಷ್ಟು ದಿನವೂ ಹಲ್ಲಕ್ಕನ ಗಂಡ ಒಂದು ಸಲವೂ ಏನಾಯಿತೆಂದು ಕೇಳಲಿಲ್ಲ. ಅವನಿಗದು ಸಣ್ಣ ತಪಸ್ಸಾಗಿರಲಿಲ್ಲ.

ಹತ್ತನೇ ದಿನ ಮುದುಕಿಯ ಉತ್ತರ ಬಂತು. "ಆ ಕೋಣೆ ನನಗೆ ಬೇಡ. ನನ್ನ ಜನ ಇಲ್ಲಿದ್ದಾರೆ. ಆದ್ರೆ ಬಿಟ್ಟುಕೊಡೋಳು ನಾನೇ ಆಗ್ಬೇಕು. ನನ್ನ ಕೈಯಾರೆ."

ನೋಂದಣಿ ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು, ಕಾಗದಗಳ ಮೇಲೆ ಕಲ್ಲಿನ ತುಂಡುಗಳನ್ನು ಇಟ್ಟಿದ್ದರು. ಮೊದಲು ಬಿಡುಗಡೆ ಪತ್ರ, ಆಮೇಲೆ ಕ್ರಯಪತ್ರ. ಅಧಿಕಾರಿಗೆ ಅದು ಆ ದಿನದ ಹದಿನೇಳನೆಯ ಪತ್ರ. ಅವರು ಅಭ್ಯಾಸದ ದನಿಯಲ್ಲಿ, "ಇದರಲ್ಲಿ ಬರೆದಿರೋದು ನಿಮಗೆ ತಿಳಿದಿದೆಯಾ? ಯಾರ ಬಲವಂತವೂ ಇಲ್ಲದೆ ಸಹಿ ಮಾಡ್ತಿದ್ದೀರಾ?" ಎಂದರು.

ಮುದುಕಿ ಮೇಜಿನ ಮೇಲೆ ಕೈಯೂರಿ ಮುಂದಕ್ಕೆ ಬಾಗಿದರು. ಅಧಿಕಾರಿ ಕಣ್ಣೆತ್ತಿ ನೋಡಿದರು.

"ಇನ್ನೊಂದು ಸಲ ಕೇಳಿ," ಎಂದರು ಮುದುಕಿ. "ನನ್ನನ್ನ ಆಸ್ಪತ್ರೆಗೆ ಸೇರಿಸಿದಾಗ್ಲೂ ಒಂದು ಕಾಗದ ಇತ್ತು, ಇಂಥದೇ ಮೇಜು. ಅಣ್ಣ ಸಹಿ ಮಾಡಿದ. ನನ್ನನ್ನ ಯಾರೂ ಕೇಳಲಿಲ್ಲ."

ಅಧಿಕಾರಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಈ ಸಲ ಒಂದೊಂದೇ ಪದ ಬಿಡಿಸಿ ಕೇಳಿದರು.

"ತಿಳಿದಿದೆ," ಎಂದರು ಮುದುಕಿ. ಹೆಬ್ಬೆಟ್ಟಿನ ಶಾಯಿ ಮುಂದೆ ತಂದಾಗ ಕೈಯಾಡಿಸಿ ಬೇಡವೆಂದರು. ಲೇಖನಿ ತೆಗೆದುಕೊಂಡು, ನಾಲಗೆಯನ್ನು ತುಟಿಯ ಮೂಲೆಯಲ್ಲಿ ಹಿಡಿದು, ತಮ್ಮ ಪೂರ್ತಿ ಹೆಸರನ್ನು ಬರೆದರು. ಅಪ್ಪನ ಹೆಸರನ್ನೂ ಸೇರಿಸಿ.

ಕ್ರಯಪತ್ರಕ್ಕೆ ಹಲ್ಲಕ್ಕ, ಅವಳ ಗಂಡ, ಮೇಷ್ಟ್ರು ಸಹಿ ಹಾಕಿದರು. ಐದು ನಿಮಿಷದ ಕೆಲಸ.

*

ಇನ್ನು ಮನೆಯ ಸ್ವಾಧೀನ ಕೊಡುವುದೊಂದು ಬಾಕಿ. ಎಲ್ಲರೂ ಅಲ್ಲಿಂದ ಮನೆಗೆ ಹೊರಟರು. ಮುದುಕಿಯೂ ಬರುತ್ತೇನೆಂದರು. "ಒಂದೇ ಒಂದು ಕೆಲಸ ಇದೆ," ಎಂದರು, ಏನೆಂದು ಹೇಳಲಿಲ್ಲ.

ಮೇಷ್ಟ್ರು ಉಳಿದ ಬೀಗದ ಕೈಗಳ ಗೊಂಚಲನ್ನೂ ಹಲ್ಲಕ್ಕನಿಗೆ ಕೊಟ್ಟರು. ಬಾಗಿಲು ತೆಗೆದಳು. ಮುದುಕಿ ಮೇಷ್ಟ್ರ ತೋಳು ಹಿಡಿದು ನಡುಮನೆ ದಾಟಿದರು, ಅತ್ತಿತ್ತ ನೋಡಲಿಲ್ಲ. ಹಿಂದಿನ ಕೋಣೆಯ ಎದುರು ಬಂದು ನಿಂತರು. ಆ ಬಾಗಿಲಿನ ಚಿಲಕವನ್ನು ಮೇಷ್ಟ್ರು ತೆಗೆದರು, ಅವರೇ.

ಮುದುಕಿ ಒಳಗೆ ಹೋಗಲಿಲ್ಲ. ಹೊಸ್ತಿಲ ಈಚೆಗೇ ನಿಂತು, ಬಾಗಿ, ಮಂಚದ ಕಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಹಲ್ಲಕ್ಕನಿಗೆ ಹಾಗೆಂದು ಪೂರ್ತಿ ನಂಬಿಕೆ ಬರಲಿಲ್ಲ.

"ಬಾರೇ," ಎಂದರು ಮುದುಕಿ, ತಮ್ಮದೇ ಹೆಸರು ಹಿಡಿದು. ಹಟ ಹಿಡಿದು ಕೂತ ಮಗುವನ್ನು ಕರೆಯುವ ದನಿ. "ಬಾ. ಬಾಗಿಲು ತೆಗೆದಿದ್ದಾರೆ. ಹೋಗೋಣ."

ಕೈ ಚಾಚಿದರು. ಕಾದರು. ಆಮೇಲೆ ಮುದುಕಿಯ ಬೆರಳುಗಳು ಮೆಲ್ಲನೆ ಮಡಿಚಿಕೊಂಡವು, ಇನ್ನೊಂದು ಕೈ ಹಿಡಿದಾಗ ಮಡಿಚಿಕೊಳ್ಳುವಷ್ಟೇ. ಅವರು ತಿರುಗಿ, ಆ ಕೈಯನ್ನು ಪಕ್ಕಕ್ಕೆ ತುಸು ದೂರದಲ್ಲಿ ಹಿಡಿದುಕೊಂಡು, ನಿಧಾನವಾಗಿ, ಜೊತೆಗಿರುವವರ ನಡಿಗೆಗೆ ತಕ್ಕಂತೆ ಹೆಜ್ಜೆ ಹಾಕುತ್ತ ನಡುಮನೆ ದಾಟಿ ಬೀದಿಗೆ ಬಂದರು. ಹಲ್ಲಕ್ಕನ ಗಂಡ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ, ಇಬ್ಬರಿಗೆ ಬಿಡುವಷ್ಟು.

ಮೇಷ್ಟ್ರು ಕಾರಿನ ಹಿಂದಿನ ಬಾಗಿಲು ತೆರೆದರು. ಅತ್ತೆ ಹತ್ತಿ ಕೂತರು. ಕೂತ ಮೇಲೂ ಮೇಷ್ಟ್ರು ಬಾಗಿಲನ್ನು ಸ್ವಲ್ಪ ಹೊತ್ತು ತೆರೆದೇ ಹಿಡಿದುಕೊಂಡು ನಿಂತಿದ್ದರು. ಅತ್ತೆ ತಲೆಯಾಡಿಸಿದ ಮೇಲೆ ಮೆತ್ತಗೆ ಹಾಕಿದರು.

ಕಾರು ಹೋದ ಮೇಲೆ ಹಲ್ಲಕ್ಕ ಒಳಗೆ ಬಂದು ಆ ಕೋಣೆಯ ನಡುವೆ ನಿಂತಳು. ಬಿಸಿಲು ಮಂಚದ ಸರಳುಗಳ ಮೇಲೆ ಬಿದ್ದಿತ್ತು. ಹೊರಗೆ ಗಂಡ ಬಾವಿಯ ರಾಟೆ ತಿರುಗುತ್ತದೆಯೋ ಎಂದು ಎಳೆದು ನೋಡುತ್ತಿದ್ದ. ಅವಳು ಕಿವಿಗೊಟ್ಟು ಕೇಳಿದಳು. ಯಾರೂ ಇರಲಿಲ್ಲ. ಅಷ್ಟೊಂದು ಯಾರೂ ಇಲ್ಲದ ಕೋಣೆಯನ್ನು ಅವಳು ಅದುವರೆಗೆ ಕಂಡಿರಲಿಲ್ಲ.